ಅಳ್ಯಾವರ ಕೋಣೆ

"ಎಡಕ್ಕ ವಾಲಸ್ರಿ… ಇನ್ನೊಂದೀಟು… ಬಾಗಲಾ ತಾಕ್ತದ, ತಡೀರಿ!"

ಸುಂದರಬಾಯಿಯನ್ನು ಕೂರಿಸಿ ಕಟ್ಟಿದ್ದ ಮರದ ಕುರ್ಚಿ ಪಡಸಾಲೆಯ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಮೂವರು ಒಂದೊಂದು ಕಾಲು ಹಿಡಿದಿದ್ದರು. ನಾಲ್ಕನೆಯದನ್ನು ಹಿಡಿಯಲು ಅಳಿಯ ಕಾಶಿನಾಥ ಮುಂದೆ ಬಂದ. ಅವನ ಕೈ ಕುರ್ಚಿಗೆ ತಾಕುವ ಮೊದಲೇ ಆತ್ಮಾರಾಮ ತಡೆದ. ಆತ್ಮಾರಾಮ ಸುಂದರಬಾಯಿಯ ಭಾವನ ಮಗ. ಬೆಳಗಿನಿಂದ ಅವಳನ್ನು ಮಣ್ಣು ಮಾಡುವ ಓಡಾಟವನ್ನೆಲ್ಲ ಅವನೇ ಹೊತ್ತಿದ್ದ.

"ಅಳ್ಯಾವರ, ನೀವು ಬ್ಯಾಡ್ರಿ. ನಿಮ್ಮ ಕಾಲು…"

ಅಂಗಳದಲ್ಲಿದ್ದವರ ಕಣ್ಣುಗಳೆಲ್ಲ ಕಾಶಿನಾಥನ ಎಡಗಾಲಿಗೆ ಬಂದು, ಮರುಕ್ಷಣವೇ ಬೇರೆ ಕಡೆ ಹೊರಳಿದವು. ಅವನು ಹಿಂದೆ ಸರಿದು ಗೋಡೆಗೆ ಒರಗಿದ. ಇನ್ಯಾರೋ ನಾಲ್ಕನೆಯ ಕಾಲು ಹಿಡಿದರು, ಕುರ್ಚಿ ಹೊರಗೆ ಬಂತು.

ರಾತ್ರಿ ಉಂಡು ಮಲಗಿದ್ದ ಸುಂದರಬಾಯಿ ಬೆಳಿಗ್ಗೆ ಎದ್ದಿರಲಿಲ್ಲ. ಫೋನು ಬಂದ ಕೂಡಲೇ ಕಾಶಿನಾಥ ಮತ್ತು ಹೆಂಡತಿ ಶಿವಗಂಗಾ ತಾಂಡೂರಿನಿಂದ ಹೊರಟು, ರಾಯಿಕೋಡು ದಾಟಿ ಈ ಹಳ್ಳಿ ಮುಟ್ಟುವಷ್ಟರಲ್ಲಿ ಹೆಂಗಸರು ಮೈ ತೊಳೆದು, ಹಸಿರು ಸೀರೆ ಉಡಿಸಿ, ಹಣೆ ತುಂಬ ವಿಭೂತಿ ಬಳಿದಾಗಿತ್ತು. ಈಗ ಅಂಗಳದ ಬೆಳಕಿನಲ್ಲಿ ಮಾಲೆ ಹಾಕಲೆಂದು ಯಾರೋ ತಲೆಯ ಮೇಲಿನ ಸೆರಗು ಹಿಂದೆ ಸರಿಸಿದರು. ಕಾಶಿನಾಥ ನೋಡಿದ. ಗದ್ದದ ಮೇಲೆ ಹಚ್ಚೆಯ ಮೂರು ಚುಕ್ಕೆ. ಬಲಹುಬ್ಬಿನ ಬಳಿ ಹಳೆಯದೊಂದು ಗಾಯದ ಕಲೆ. ಅತ್ತೆಯ ಮುಖವನ್ನು ತಾನು ಹೀಗೆ ಪೂರ್ತಿಯಾಗಿ ನೋಡುತ್ತಿರುವುದು ಇದೇ ಮೊದಲು ಎಂದು ಅವನಿಗೆ ಹೊಳೆಯಿತು. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ಅಳಿಯ ಎದುರಿಗಿದ್ದಾಗ ಅವಳ ಸೆರಗು ಒಮ್ಮೆಯೂ ಮುಖದಿಂದ ಸರಿದದ್ದಿಲ್ಲ.

ಪಕ್ಕದ ಮನೆಯ ಸುಗಲಾಬಾಯಿ ಅವನ ಬಳಿ ಬಂದು ಮೂಗು ಒರೆಸಿಕೊಂಡಳು. ಸುಂದರಬಾಯಿಯ ಓರಗೆಯವಳು, ಒಟ್ಟಿಗೇ ಕಳೆ ಕೀಳಲು ಹೋಗುತ್ತಿದ್ದವಳು.

"ನಿಮ್ಮ ಮ್ಯಾಲೆ ಭಾಳ ಜೀವ ಇಟ್ಟಿದ್ಳಪ್ಪಾ. ಸೋಮವಾರ ಬಂತಂದ್ರ, ನಮ್ಮ ಅಳ್ಯಾವರು ಫೋನ್ ಹಚ್ಚಿದ್ರು, ಉಂಡಿರೇನು ಅಂತ ಕೇಳಿದ್ರು, ಗುಳಿಗಿ ನುಂಗ್ರಿ ಅಂದ್ರು ಅಂತ ಓಣಿ ತುಂಬ ಹೇಳಾಕಿ. ಬ್ಯಾರೆಯವರ ಅಳ್ಯಾಗೋಳು ಯಾರು ಕೇಳ್ತಾರ ಹಿಂಗ?"

ಕೂತಿದ್ದ ಹೆಂಗಸರು ಹೌದು ಹೌದೆಂದು ತಲೆಯಾಡಿಸಿದರು. ಕಾಶಿನಾಥ ಅತ್ತೆಗೆ ಒಂದು ಸಲವೂ ಫೋನು ಮಾಡಿದವನಲ್ಲ. ಅವನು ಹೆಂಡತಿಯ ಕಡೆ ನೋಡಿದ. ತಾಯಿಯ ಪಾದದ ಬಳಿ ಕೂತಿದ್ದ ಶಿವಗಂಗಾ ಮುಖ ಎತ್ತಲಿಲ್ಲ.

*

ಮದುವೆಯ ಮೆರವಣಿಗೆಗೆ ಕುದುರೆ ಬೇಕೆಂದು ಹಠ ಹಿಡಿದವನು ಕಾಶಿನಾಥನೇ. ಸಾದಾ ಜೀಪು ಸಾಕು, ಓಣಿಯ ಗದ್ದಲಕ್ಕೆ ಕುದುರೆ ಬೆದರೀತು ಎಂದು ಮಾವ ಶಂಕ್ರೆಪ್ಪ ಹೇಳಿ ಕಳಿಸಿದ್ದ. ಕಾಶಿನಾಥ ಕೇಳಲಿಲ್ಲ. ತಾಂಡೂರಿನಲ್ಲಿ ಅಪ್ಪನಿಗೆ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ಇತ್ತು. ಹಳ್ಳಿಯ ಹೆಣ್ಣು ತರುತ್ತಿದ್ದೇನೆ, ಊರು ನೋಡಬೇಕು ಎಂಬ ಉಮೇದು ಇತ್ತು. ಜೊತೆಗೆ ಗೆಳೆಯರು ಕಾರಿನಲ್ಲೇ ಎರಡು ಗ್ಲಾಸು ಕುಡಿಸಿದ್ದರು.

ಹೆಣ್ಣಿನ ಮನೆ ಹತ್ತಿರ ಬಂದಾಗ ಗೆಳೆಯನೊಬ್ಬ ಮೊಬೈಲು ಎತ್ತಿ ಹಿಡಿದು, "ಕುಣಸೋ, ಒಮ್ಮಿ ಕುಣಸೋ!" ಎಂದು ಕೂಗಿದ. ಕಾಶಿನಾಥ ಎರಡೂ ಹಿಮ್ಮಡಿಗಳಿಂದ ಕುದುರೆಯ ಪಕ್ಕೆಗೆ ಜೋರಾಗಿ ಒದ್ದ. ಬಿಳಿ ಕುದುರೆ ಮುಂಗಾಲೆತ್ತಿ ನಿಂತಿತು. ಬಾಸಿಂಗ, ಹೂವಿನ ಮಾಲೆ, ಜರಿ ಪೇಟ ಎಲ್ಲದರ ಸಮೇತ ಅವನು ಚರಂಡಿಯ ಕಲ್ಲಿನ ಮೇಲೆ ಬಿದ್ದ. ತೊಡೆಯ ಮೂಳೆ ಮುರಿದ ಸದ್ದು ಬಾಜಾದ ಗದ್ದಲದಲ್ಲೂ ಅವನಿಗೆ ಕೇಳಿಸಿತ್ತು.

ಪಟಾಕಿಗೆ ಕುದುರೆ ಬೆದರಿತು ಎಂದು ಎಲ್ಲರೂ ಹೇಳಿದರು. ಅವನೂ ಹಾಗೇ ಹೇಳಿದ. ಆದರೆ ಬೀಳುವ ಮುಂಚಿನ ಕ್ಷಣದಲ್ಲಿ ಅವನ ಕಣ್ಣಿಗೆ ಬಿದ್ದದ್ದು, ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತು ಸೆರಗಿನ ಮರೆಯಿಂದ ಅವನ ಹಿಮ್ಮಡಿಗಳನ್ನೇ ನೋಡುತ್ತಿದ್ದ ಅತ್ತೆ.

ಜಹೀರಾಬಾದಿನ ಆಸ್ಪತ್ರೆಯಲ್ಲಿ ತೊಡೆಯೊಳಗೆ ಸಲಾಕೆ ಕೂರಿಸಿದರು. ತಾಳಿ ಕಟ್ಟಿದ್ದೂ ಅಲ್ಲೇ, ಮಂಚದ ಮೇಲೆ ಮಲಗಿಕೊಂಡೇ. ತಾಂಡೂರಿನ ಮನೆ ಮಹಡಿಯ ಮೇಲಿತ್ತು, ಅವನಿಗೆ ತಾಯಿ ಇರಲಿಲ್ಲ. ಆಸ್ಪತ್ರೆ ಹತ್ತಿರವಾಗುತ್ತದೆಂದು ಶಂಕ್ರೆಪ್ಪನೇ ಅಳಿಯನನ್ನು ತನ್ನ ಮನೆಗೆ ಕರೆತಂದ. ಶಿವಗಂಗಾ ನಾರಾಯಣಖೇಡದ ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ ಕಲಿಸುತ್ತಿದ್ದಳು. ರಜೆ ಮುಗಿದ ಮೇಲೆ ಭಾನುವಾರಕ್ಕೊಮ್ಮೆ ಬರತೊಡಗಿದಳು. ಶಂಕ್ರೆಪ್ಪ ಬೆಳಿಗ್ಗೆ ಅಳಿಯನ ಮೈ ಒರೆಸಿ ಶುಂಠಿ ಹೊಲಕ್ಕೆ ಹೋದರೆ ತಿರುಗಿ ಬರುವುದು ಸಂಜೆಗೇ. ಹಗಲೆಲ್ಲ ಮನೆಯಲ್ಲಿ ಉಳಿಯುತ್ತಿದ್ದವರು ಇಬ್ಬರು: ಅಳಿಯನಿಗೆ ಮುಖ ತೋರಿಸದ ಅತ್ತೆ, ಮಂಚ ಬಿಟ್ಟು ಏಳಲಾರದ ಅಳಿಯ.

ಸುಂದರಬಾಯಿ ಅವನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದಳು. "ಗಂಜಿ ಆಗ್ಯಾದ, ಅವರು ಉಣ್ತಾರೇನು ಕೇಳು." "ಡಾಕ್ಟರು ಮೊಣಕಾಲು ಮಡಚಿ ಬಿಚ್ಚರಿ ಅಂದಾರ, ಮಡಚವಲ್ರು ನೋಡು." ಮೊದಮೊದಲು ಅವನಿಗೆ ನಗು ಬರುತ್ತಿತ್ತು. ಆದರೆ ದಿನದಲ್ಲಿ ಒಂದು ಹೊತ್ತು ಬರುತ್ತಿತ್ತು. ಆಗ ನಗು ಬರುತ್ತಿರಲಿಲ್ಲ. ಅವನು ಕಣ್ಣು ಮುಚ್ಚಿ ಗೋಡೆಯ ಕಡೆ ತಿರುಗುವನು. ಅವಳು ಸೆರಗನ್ನು ಗದ್ದದವರೆಗೆ ಎಳೆದುಕೊಂಡು, ಮುಖ ಆ ಕಡೆ ಮಾಡಿ, ಆಸ್ಪತ್ರೆಯವರು ಕೊಟ್ಟ ಪಾತ್ರೆಯನ್ನು ಕೈಯಳತೆಯಲ್ಲೇ ಅವನ ಕೆಳಗೆ ಇಡುವಳು. ಆಮೇಲೆ ಅದನ್ನೆತ್ತಿ, ಮೇಲೊಂದು ಬಟ್ಟೆ ಮುಚ್ಚಿ, ಹಿತ್ತಲಿಗೆ ಒಯ್ಯುವಳು. ಓಣಿಯವರು ಕೇಳಿದರೆ, ಎಲ್ಲ ಶಂಕ್ರೆಪ್ಪನೇ ಮಾಡುತ್ತಾನೆ ಎನ್ನುವಳು.

ಒಂದು ಮಧ್ಯಾಹ್ನ ಪಾತ್ರೆ ಉರುಳಿತು. ಹಾಸಿಗೆ, ಪಟ್ಟಿ, ಅವನ ತೊಡೆ ಎಲ್ಲ ಹೊಲಸಾಯಿತು. ಅವಳು ಬಿಸಿನೀರು, ಬಟ್ಟೆ ತಂದು ಒರೆಸಲು ಬಗ್ಗಿದಳು. ಅವನೊಳಗೆ ಏನೋ ಕಿತ್ತು ಬಂದಂತಾಗಿ ಕಿರುಚಿದ: "ದಿನಾ ನನ್ನ ಹಿಂಗ ನೋಡಾಕ ನಿಮಗ ನಾಚಿಕಿ ಬರಂಗಿಲ್ಲೇನು?"

ಅವಳ ಕೈ ನಿಂತಿತು. ಕಂಬದ ಕಡೆ ತಿರುಗಲಿಲ್ಲ.

"ಬರ್ತದಪ್ಪಾ," ಎಂದಳು ಸೆರಗಿನೊಳಗಿಂದ. "ಬರ್ತದ ಅಂತ ನಿನ್ನ ಹಿಂಗೇ ಬಿಟ್ಟು ಹೋಗ್ಲೇನು?"

ಅವನಿಗೇ ನೇರವಾಗಿ ಅವಳು ಆಡಿದ ಮಾತು ಅದೊಂದೇ. ಪೂರ್ತಿ ಒರೆಸಿ, ಹೊಸ ಹಾಸಿಗೆ ಹಾಸಿ, ಹಿತ್ತಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದುಕೊಂಡಳು.

ಕೋಲು ಹಿಡಿದು ಅಂಗಳ ದಾಟುವಷ್ಟು ಶಕ್ತಿ ಬಂದ ವಾರದಲ್ಲೇ ಕಾಶಿನಾಥ ತಾಂಡೂರಿಗೆ ಹೊರಟ. ಮೊಣಕಾಲು ಮಡಚುವಂತಾಗಲೇ ಇಲ್ಲ. ಹೊರಡುವಾಗ ಅತ್ತೆಗೆ ಬರುತ್ತೇನೆ ಎಂದೂ ಹೇಳಲಿಲ್ಲ. ಆಮೇಲೆ ಹಬ್ಬಕ್ಕೆ ಬಂದರೂ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತು, ಚಹಾ ಕುಡಿದು, ಮಧ್ಯಾಹ್ನದೊಳಗೆ ಎದ್ದುಬಿಡುವನು. ಅವಳು ರೊಟ್ಟಿ, ಚಟ್ನಿಹಿಂಡಿ ಕಟ್ಟಿಕೊಂಡು ತಾಂಡೂರಿಗೆ ಬಂದರೆ, ಅವಳು ಬಸ್ಸು ಹತ್ತುವವರೆಗೆ ಅವನಿಗೆ ಕಾರ್ಖಾನೆಯಲ್ಲಿ ಎಲ್ಲಿಲ್ಲದ ಕೆಲಸ. ಕಡೆಗೆ ಅವಳೇ ಬರುವುದನ್ನು ಬಿಟ್ಟಳು.

*

ಜಂಗಮರು ಬೀದರಿನಿಂದ ಬರಬೇಕಿತ್ತು. ಮಣ್ಣು ನಾಲ್ಕು ಗಂಟೆಗೆ ಎಂದರು. ಮಧ್ಯಾಹ್ನವಾಗುತ್ತಿದ್ದಂತೆ ಕಾಶಿನಾಥನಿಗೆ ಸಂಡಾಸಕ್ಕೆ ಹೋಗುವ ಅವಸರ ಹತ್ತಿತು. ಬೆಳಿಗ್ಗೆ ದಾರಿಯ ಮೇಲೆ ಕುಡಿದ ಚಹಾ, ತಿಂದ ಇಡ್ಲಿ. ಕುಕ್ಕರಗಾಲಲ್ಲಿ ಕೂರುವುದು ಅವನಿಂದಾಗದು. ಶಿವಗಂಗಾಳ ಬಳಿ ಹೋಗಿ ಮೆಲ್ಲಗೆ, "ರಾಯಿಕೋಡಿಗೆ ಹೋಗಿ ಬರ್ತೀನಿ," ಎಂದ.

"ಈಗ್ಯಾಕ?"

ಅವನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ. ಅವಳಿಗೆ ಅರ್ಥವಾಯಿತು. ಎದ್ದು ಒಳಗೆ ಹೋಗಿ ದೇವರ ಗೂಡಿನಿಂದ ಒಂದು ಕೀಲಿಕೈ ತಂದು ಅವನ ಅಂಗೈಯಲ್ಲಿಟ್ಟಳು. "ಹಿತ್ತಲಾಗ ಎಡಕ್ಕ ಅದ. ನೀವು ವಸ್ತಿ ಬಂದಾಗ ಹೇಳು ಅಂದಿದ್ಳು ಅವ್ವ."

ಸುಗಲಾಬಾಯಿಯ ಕಣ್ಣಿಗೆ ಅದು ಬಿತ್ತು. "ಅಯ್ಯ ನನ್ನವ್ವ! ಇವತ್ತರೆ ತೆಗಸಿದ್ಯಲ್ಲವ್ವಾ ಅಳ್ಯಾವರ ಕೋಣಿ!" ಎಂದು ಸುಂದರಬಾಯಿಯ ಕಡೆ ತಿರುಗಿ ಹಣೆ ಬಡಿದುಕೊಂಡಳು. ಕೂತವರಲ್ಲಿ ಒಂದಿಬ್ಬರು ಅಳುತ್ತಲೇ ನಕ್ಕರು.

"ಅದೇನದು?" ಎಂದಳು ಪರವೂರಿನ ಹೆಂಗಸೊಬ್ಬಳು.

"ಊರಿಗೆಲ್ಲ ಸರ್ಕಾರದ ಸಂಡಾಸ ಬಂದಾಗ ಈಕಿ ಒಬ್ಬಾಕಿ ಕುರ್ಚಿದ್ದೇ ಬೇಕಂತ ಕುಂತ್ಳು. ಮೇಸ್ತ್ರಿ ನಕ್ಕ. ಯಾರು ಕುಂದರ್ತಾರವ್ವಾ ಇದರಾಗ, ತಹಸೀಲ್ದಾರ ಬರ್ತಾನೇನು ಅಂದ. ನಮ್ಮ ಅಳ್ಯಾವರ ಕಾಲು ಮಡಚಂಗಿಲ್ಲ, ಅದಕ್ಕ ಮನ್ಯಾಗ ವಸ್ತಿ ಇರವಲ್ರು, ಇದು ಆತಂದ್ರ ಇರ್ತಾರ ಅಂದ್ಳು. ಎರಡು ವರ್ಷಾತು, ಆಕೀ ಮೊಣಕಾಲೇ ಹಿಡಕೊಂಡಿದ್ವು. ನೀನರೆ ಕುಂದ್ರ ಸುಂದರಾ ಅಂದ್ರ, ಅಯ್ಯ, ಅಳ್ಯಾವರ ಜಾಗಾದಾಗ ನಾ ಹ್ಯಾಂಗ ಕುಂದರ್ಲಿ, ಅನ್ನಾಕಿ. ಚೆಂಬು ತಗೊಂಡು ಹೊಲಕ್ಕೇ ಹೋಗಾಕಿ."

ಕಾಶಿನಾಥ ಹಿತ್ತಲಿಗೆ ಬಂದ. ತಗಡಿನ ಬಾಗಿಲಿನ ಸಣ್ಣ ಕೋಣೆ. ಒಳಗೆ ಬೆಳ್ಳಗಿನ ಕಮೋಡು, ಒಂದು ಕಲೆಯಿಲ್ಲ. ನೆಲಕ್ಕೆ ತಾಂಡೂರಿನದೇ ನೀಲಿ ಕಲ್ಲು. ಬೆಲೆಯ ಚೀಟಿ ಇನ್ನೂ ಅಂಟಿಕೊಂಡಿದ್ದ ಬಕೆಟ್ಟು. ಬಲಗಡೆ ಗೋಡೆಗೆ ಹಿಡಿದು ಏಳಲೆಂದು ಒಂದು ಕಬ್ಬಿಣದ ಕೊಳವೆ. ಕೂತಾಗ ಎಡಗಾಲು ಎಂದಿನಂತೆ ನೆಟ್ಟಗೆ ಮುಂದೆ ಚಾಚಿತು, ಆದರೆ ಎಲ್ಲೂ ತಾಕಲಿಲ್ಲ. ನೋಡಿದರೆ ಎದುರಿನ ಗೋಡೆಯನ್ನು ಎಡಗಡೆ ಮಾತ್ರ ಒಂದು ಮೊಳ ಹಿಂದಕ್ಕೆ ಕಟ್ಟಿಸಿದ್ದಳು. ಅವನ ಕಾಲು ಎಷ್ಟು ಉದ್ದ ಚಾಚುತ್ತದೆ ಎಂಬುದು ಕಣ್ಣು ಮುಚ್ಚಿಕೊಂಡೇ ಅವಳಿಗೆ ಗೊತ್ತಿತ್ತು.

ಕಾಶಿನಾಥ ನಳ ಪೂರ್ತಿ ತಿರುಗಿಸಿದ. ಬಕೆಟ್ಟು ತುಂಬಿ ಹರಿದರೂ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಹೊರಗಿನವರಿಗೆ ಅವನ ಅಳು ಕೇಳುತ್ತಿತ್ತು.

*

ಭಜನೆಯವರು ತಾಳ ಹಾಕುತ್ತ ಮುಂದೆ ನಡೆದರು. ಹೆಗಲ ಮೇಲೆ ಹೊತ್ತ ಹೂವಿನ ವಿಮಾನದಲ್ಲಿ ಕೂತ ಸುಂದರಬಾಯಿ ಸಣ್ಣಗೆ ಓಲಾಡುತ್ತ ಹೊಲದ ಹಾದಿ ಹಿಡಿದಳು. ಕಾಲೆಳೆಯುತ್ತ ನಡೆಯುತ್ತಿದ್ದ ಕಾಶಿನಾಥ ಎಲ್ಲರಿಗಿಂತ ಹಿಂದೆ ಬಿದ್ದ. ಸುಗಲಾಬಾಯಿಯೂ ಮೆಲ್ಲಗೆ ನಡೆಯುವವಳು, ಇಬ್ಬರೂ ಜೊತೆಯಾದರು. ಸ್ವಲ್ಪ ದೂರ ನಡೆದ ಮೇಲೆ ಅವನು ಹೇಳಿದ:

"ಆಯಿ, ಆ ಫೋನ್ ನಾ ಹಚ್ಚಿಲ್ರಿ. ಒಂದು ಸೋಮವಾರನೂ ಹಚ್ಚಿಲ್ಲ."

ಸುಗಲಾಬಾಯಿ ತಿರುಗಿ ನೋಡಲಿಲ್ಲ.

"ಗೊತ್ತದಪ್ಪಾ," ಎಂದಳು. "ಊರಿಗೇ ಗೊತ್ತದ. ಆಕಿ ಹೇಳ್ತಿದ್ಳು, ನಾವು ಕೇಳ್ತಿದ್ವಿ."

"ಮತ್ತ ಮುಂಜಾನಿ ಎಲ್ಲಾರ ಎದುರಿಗೆ…"

"ಆಕಿ ಎದುರಿಗೆ ಕುಂತಿದ್ಳಲ್ಲ. ಇವತ್ತೊಂದಿನ ಹ್ಯಾಂಗ ಸುಳ್ಳು ಮಾಡ್ಲಿ ಆಕಿ ಮಾತು?"

ಮುಂದೆ ವಿಮಾನ ಹೊತ್ತವರು ಹೆಗಲು ಬದಲಿಸಿದರು.

ಶುಂಠಿ ಹೊಲದ ಅಂಚಿನಲ್ಲಿ ಕುಣಿ ತೋಡಿದ್ದರು. ಸುಂದರಬಾಯಿಯನ್ನು ಒಳಗೆ ಇಳಿಸಿ ಕೂರಿಸಿದರು. ಜಂಗಮರು ವಿಭೂತಿ, ಬಿಲ್ವಪತ್ರೆ ಇಟ್ಟು ಮಂತ್ರ ಮುಗಿಸಿದರು. ಶಂಕ್ರೆಪ್ಪ ಮೊದಲು ಮಣ್ಣು ಕೊಟ್ಟ. ಮೊಣಕಾಲೂರಿ ಬಗ್ಗಿ, ಹಿಡಿ ಮಣ್ಣನ್ನು ಎಸೆಯದೆ ಕೈಚಾಚಿ ಮೆಲ್ಲಗೆ ಬಿಟ್ಟ. ಬಳಿಕ ಶಿವಗಂಗಾ. ಬಳಿಕ ಆತ್ಮಾರಾಮ ಒಂದು ಹಿಡಿ ಮಣ್ಣು ತಂದು ಕಾಶಿನಾಥನ ಕೈಗೆ ಕೊಡಲು ಬಂದ.

"ನೀವು ನಿಂತೇ ಹಾಕ್ರಿ. ನಡೀತದ."

ಕಾಶಿನಾಥ ಅದನ್ನು ತೆಗೆದುಕೊಳ್ಳಲಿಲ್ಲ. ಕುಣಿಯ ಅಂಚಿಗೆ ಹೋಗಿ, ಬಲಗಾಲು ಮಡಚಿ, ಕೈಯೂರಿ, ಹಸಿಮಣ್ಣಿನ ಗುಡ್ಡೆಯ ಮೇಲೆ ದೊಪ್ಪನೆ ಕೂತುಬಿಟ್ಟ. ಎಡಗಾಲು ಕುಣಿಯ ಮೇಲೆ ನೆಟ್ಟಗೆ ಚಾಚಿಕೊಂಡಿತು. ಬಿಳಿ ಪ್ಯಾಂಟು ಕೆಸರಾಯಿತು. ಅವನು ಮುಂದಕ್ಕೆ ಬಾಗಿ ಬೊಗಸೆ ತುಂಬ ಮಣ್ಣು ತೆಗೆದು ಅವಳ ಮಡಿಲಿಗೆ ಬಿಟ್ಟ. ಇನ್ನೊಮ್ಮೆ ಬಿಟ್ಟ. ಮತ್ತೊಮ್ಮೆ.

ಹಿಂದೆ ಮಣ್ಣು ಹಿಡಿದು ನಿಂತವರು ಕಾಯುತ್ತಿದ್ದರು. ಅವನು ಏಳಲು ನೋಡಿದ. ಊರಲು ಕೋಲಿರಲಿಲ್ಲ, ಹಿಡಿಯಲು ಗೋಡೆಯಿರಲಿಲ್ಲ. ಮಣ್ಣು ಅಂಗೈ ಕೆಳಗೆ ಜಾರಿತು. ತಾನಾಗಿ ಏಳಲಾಗದ ಕಡೆ ಅವನು ಇಷ್ಟು ವರ್ಷ ಕೂತವನೇ ಅಲ್ಲ. ಮಗ್ಗುಲಾಗಿ ಹೊರಳಿದ, ಮತ್ತೆ ಕೂತ. ಯಾರೂ ಮುಟ್ಟಲಿಲ್ಲ. ಅಳ್ಯಾವರಿಗೆ ಕೈ ಹಿಡಿದರೆ ಸಿಟ್ಟು ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ತಾಳದ ಸದ್ದು ನಿಂತಿತು.

"ಯಾರರೆ ನನ್ನ ಎಬ್ಬಸ್ರಿ," ಎಂದ ಕಾಶಿನಾಥ. ದನಿ ಸಣ್ಣದಾಗಿತ್ತು, ಮುಂದೆ ನಿಂತವರಿಗಷ್ಟೇ ಕೇಳಿಸಿತು. ಅವನು ಇನ್ನೂ ಜೋರಾಗಿ, ಊರಿಗೆಲ್ಲ ಕೇಳುವಂತೆ, ಮತ್ತೊಮ್ಮೆ ಹೇಳಿದ. ಹೇಳಿ, ಕೆಸರು ಮೆತ್ತಿದ ಎರಡೂ ಕೈಗಳನ್ನು ಮೇಲಕ್ಕೆ ಎತ್ತಿ ಹಿಡಿದ.