ಜಪದ ಉಳಿದರ್ಧ

ತನ್ನ ಪಾಲಿನ ಅರ್ಧ ಮುಗಿಸಿ ವ್ಯಾಲೆಂಟೈನ್ ಕಾದ. ಉಳಿದರ್ಧ ಬಂತು. ಹೋದ ಜೀವ ಬಂದಂತಾಯಿತು.

ಶಾರ್ಜಾ ಗಡಿಯ ಪಕ್ಕದ ಅಲ್ ನಹ್ದಾದಿಂದ ಅಬುಧಾಬಿಗೆ ಕೆಲಸಕ್ಕೆ ದಿನಾ ಅವನದೇ ಕಾರು. ಪಕ್ಕದಲ್ಲಿ ನರ್ಸ್ ಪ್ಯಾಟ್ರಿಶಿಯಾ ಆಂಟಿ, ಹಿಂದೆ ಹೋಟೆಲಿನ ಸ್ಟೀಫನ್. ದಾರಿಯುದ್ದಕ್ಕೂ ಜಪಮಾಲೆ. ‘ನಮಾನ್ ಮೊರಿಯೆ’ ಎಂಬ ಮಾತೆ ಮರಿಯಳ ಪ್ರಾರ್ಥನೆಯನ್ನು ಅರ್ಧ ಅವನು ಹೇಳಬೇಕು, ಉಳಿದದ್ದು ಅವರು. ಪದ್ಧತಿ ಶುರುಮಾಡಿದ್ದೇ ಅವನು. ಮದುವೆಯ ದಿನ ಇಗರ್ಜಿಯ ಮೆಟ್ಟಿಲು ಇಳಿದವನು ಮತ್ತೆ ಹತ್ತಿರಲಿಲ್ಲ. ಆಂಟಿಯ ಬಾಯಲ್ಲಿ ಈಗ ಮುಕ್ಕಾಲು ಸಂತನಾಗಿದ್ದ. ಜಪ ನಿಂತರೆ ಸ್ಟಿಯರಿಂಗ್ ಹಿಡಿದೇ ನಿದ್ದೆ ಹೋಗುತ್ತಾನೆಂಬುದು ಅವನಿಗೆ ಗೊತ್ತು, ಮಾತೆ ಮರಿಯಳಿಗೆ ಗೊತ್ತು. ಮೂರನೆಯವರಿಗೆ ಗೊತ್ತಿಲ್ಲ.

ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆ ಎಂದಿದ್ದರು ಡಾಕ್ಟರು. ಗಂಟಲು ಮುಚ್ಚುತ್ತದೆ, ಮೆದುಳು ಗಾಬರಿಬಿದ್ದು ಎಬ್ಬಿಸುತ್ತದೆ, ಮತ್ತೆ ಮುಚ್ಚುತ್ತದೆ. ಬೆಳಗಿನವರೆಗೆ ಇದೇ ಕಬಡ್ಡಿ. ಗಾಳಿ ತಳ್ಳುವ ಮಿಷನ್ ಕೊಟ್ಟರು. ಅದರ ಮಾಸ್ಕ್ ಹಾಕಿಕೊಂಡರೆ ಸೊಂಡಿಲು ಬಂದ ಗುಮಾಸ್ತ. ಎಷ್ಟು ಬಿಗಿದರೂ ಬೆಳಿಗ್ಗೆ ಅದು ಮಂಚದ ಕೆಳಗೆ. ಕಿತ್ತೆಸೆದವನು ತಾನೇ, ನೆನಪು ಮಾತ್ರ ಇಲ್ಲ. ಮಗ್ಗುಲಾಗಿ ಮಲಗಲೆಂದು ಹೆಂಡತಿ ಪರ್ಲ್ ಬನಿಯನ್ನಿನ ಬೆನ್ನಿಗೆ ಟೆನ್ನಿಸ್ ಚೆಂಡು ಹೊಲಿದಳು. ಗೊರಕೆಗೆ ಗಡಿಯಾಚೆ ಶಾರ್ಜಾದ ಕಿಟಕಿಗಳು ನಡುಗುವುದು ತಪ್ಪಲಿಲ್ಲ. ಕೊನೆಗೆ ದಿಂಬು ಎತ್ತಿಕೊಂಡು ಹಾಲ್‌ನ ಸೋಫಾಕ್ಕೆ ಹೊರಟಳು.

"ಗೊರಕೆಗೆ ನಾನು ಹೆದರುವುದಿಲ್ಲ. ಅದು ನಿಲ್ತದಲ್ಲ, ಆಗ. ಮತ್ತೆ ಬರ್ತದಾ ಇಲ್ವಾ ಅಂತ ನಾನು ಎಷ್ಟು ದಿನ ಕೇಳ್ತಾ ಕೂರುವುದು?"

ಹತೋಟಿಗೆ ಬರುವವರೆಗೆ ಡ್ರೈವಿಂಗ್ ಬೇಡ ಎಂದೂ ಡಾಕ್ಟರು ಹೇಳಿದ್ದರು. ಅದನ್ನು ಪರ್ಲ್‌ಗೂ ಹೇಳಿರಲಿಲ್ಲ.

ಇವತ್ತು ಕಾರಿನಲ್ಲಿ ಹೇಳಿಬಿಡಬೇಕು. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಆಫೀಸಿನಲ್ಲಿ ದಿನವಿಡೀ ಆ ಮಾತನ್ನು ಬಾಯಿಪಾಠ ಮಾಡಿದ. ಮೀಟಿಂಗಿನಲ್ಲಿ ಕಣ್ಣು ಮುಚ್ಚಿದಾಗ ಮ್ಯಾನೇಜರ್ ಮಸೂದ್, ನೋಡಿ, ವ್ಯಾಲೆಂಟೈನ್ ಆಳವಾಗಿ ಯೋಚಿಸುತ್ತಿದ್ದಾರೆ ಎಂದ. ಯಾರೂ ನಗಲಿಲ್ಲ. ನಿಜವೆಂದೇ ತಿಳಿದರು.

ಸಂಜೆ ಕಾರು ಹೊರಟೊಡನೆ ಬಾಯಿ ತೆರೆದ.

"ಆಂಟಿ, ನೀವು ಡ್ರೈವಿಂಗ್ ಕಲಿಯಬಹುದಿತ್ತು."

"ನನ್ನನ್ನು ಫೇಲ್ ಮಾಡಿ ಮಾಡಿ ಸುಸ್ತಾಗಿ ಆ ಇನ್‌ಸ್ಪೆಕ್ಟರೇ ಕೆಲಸ ಬಿಟ್ಟು ಹೋದ ಮಾರಾಯ. ನೀನಿರುವಾಗ ನನಗೆಂತಕ್ಕೆ?"

"ನನಗೆ ನಿದ್ದೆ ಸರಿ ಆಗ್ತಾ ಇಲ್ಲ."

"ಗಲ್ಫಿನಲ್ಲಿ ಯಾರಿಗೆ ಆಗ್ತದೆ? ಜಪ ಶುರು ಮಾಡು, ಎಲ್ಲ ಸರಿಯಾಗ್ತದೆ."

ಶುರುಮಾಡಿದ. ಆಂಟಿಯ ಬೆರಳಲ್ಲಿ ಮಣಿ ಸರಿಯಿತು. ರಸ್ತೆಯ ಬಿಳಿ ಗೆರೆಗಳು ಒಂದೊಂದಾಗಿ ಬಂದು ಕಾರಿನಡಿ ಸೇರುತ್ತಿದ್ದವು.

ಜಬಲ್ ಅಲಿಯ ಚಿಮಣಿಗಳು ಕಂಡವು. ನಡುವಿನ ಘಂತೂತ್ ಊರು ಯಾವಾಗ ಬಂತು, ಯಾವಾಗ ಹೋಯಿತು? ನೆನಪಿಲ್ಲ. ಆಂಟಿಯ ಬೆರಳುಗಳು ಮಾಲೆಯ ಕೊನೆಗೆ ಬಂದಿದ್ದವು. ಅವನ ಬಾಯಿ ತನ್ನಷ್ಟಕ್ಕೆ ಆಡುತ್ತಲೇ ಇತ್ತು. ಕೈ, ತನ್ನಷ್ಟಕ್ಕೆ, ಸ್ಟಿಯರಿಂಗಿನ ಮೇಲಿತ್ತು.

"ಇವತ್ತು ಎಷ್ಟು ಚೆಂದ ಹೇಳಿದೆ ಮಾರಾಯ," ಎಂದರು ಆಂಟಿ, ಕಣ್ಣು ಮುಚ್ಚಿಕೊಂಡೇ. "ಎಲ್ಲಿಯೂ ತಡವರಿಸಲಿಲ್ಲ."

ಹೇಳಿದ್ದೆಲ್ಲ ನಿದ್ದೆಯಲ್ಲೇ. ಕಾರು ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಯಾಕೆಂದು ಹೇಳಬೇಕು. ಹೇಳಲು ಬಾಯಿ ತೆರೆದ. ಬಂದದ್ದು ‘ನಮಾನ್ ಮೊರಿಯೆ’. ಅರ್ಧ ಮುಗಿಯಿತು. ಕಾದ.

ಕನ್ನಡಿಯಲ್ಲಿ ಸ್ಟೀಫನ್ ಬಾಯಿ ತೆರೆದು ಮಲಗಿದ್ದ. ಆಂಟಿಯ ತಲೆ ಕಿಟಕಿಗೆ ಒರಗಿತ್ತು, ಮಣಿ ಬೆರಳಲ್ಲೇ. ಎಡಕ್ಕೊಂದು ಲಾರಿ, ಬಲಕ್ಕೊಂದು ಲಾರಿ. ‘ಈಗಲೂ, ನಮ್ಮ ಮರಣದ ಗಳಿಗೆಯಲ್ಲೂ ನಮಗಾಗಿ ಪ್ರಾರ್ಥಿಸು’ ಎಂಬ ಉಳಿದರ್ಧ ಅವರ ಪಾಲಿನದು, ತಾನು ಹೇಳುವಂತಿಲ್ಲ.

ಗೆರೆಗಳು ಬಂದು ಬಂದು ಕಾರಿನಡಿ ಸೇರುತ್ತಿದ್ದವು. ವ್ಯಾಲೆಂಟೈನ್ ಕಾಯುತ್ತಿದ್ದ, ಕಣ್ಣು ತೆರೆದೋ, ಮುಚ್ಚಿಯೋ.