ಫೋನ್ ಮಾಡಬಾರದವರ ಹಾಳೆ

ಪಕ್ಷದ ಕಚೇರಿಯಲ್ಲಿ ದೇಣಿಗೆದಾರರ ಪಟ್ಟಿ ನೋಡಿಕೊಳ್ಳುವವಳಿಗೆ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಹೆಸರು, ಫೋನ್ ನಂಬರುಗಳನ್ನೆಲ್ಲ ಮಧ್ಯಾಹ್ನದೊಳಗೆ ಮಿತ್ರಪಕ್ಷಕ್ಕೆ ಕಳಿಸಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಕೊಡಿಸಿದ್ದರು.

"ಸರ್, ಯಾರಿಗೂ ಕೊಡಲ್ಲ ಅಂತ ರಸೀದಿ ಮೇಲೇ ಅಚ್ಚು ಹಾಕ್ಸಿದೀವಲ್ಲ?"

"ಅವ್ರೇನು ಹೊರಗಿನೋರಾ? ನಮ್ಮೋರೇ ಕಣಮ್ಮ."

ಚುನಾವಣೆ ಹತ್ತಿರ ಬಂದಾಗ ನಮ್ಮವರು ಎಷ್ಟು ಬೇಗ ಹುಟ್ಟಿಕೊಳ್ಳುತ್ತಾರೆ ನೋಡಿ!

ಪಟ್ಟಿಯಲ್ಲಿ ಅವಳ ಚಿಕ್ಕಮ್ಮನೂ ಇದ್ದಳು. ಚಿಕ್ಕಮ್ಮ ಬಟ್ಟೆ ಹೊಲಿಯುವುದು ಎದುರು ಪಕ್ಷದ ಮುಖಂಡನ ಅಂಗಡಿಯಲ್ಲಿ. ಈ ಪಕ್ಷಕ್ಕೆ ದುಡ್ಡು ಕೊಟ್ಟದ್ದು ಆತನ ಕಿವಿಗೆ ಬಿದ್ದರೆ ಕೆಲಸಕ್ಕೇ ಸಂಚಕಾರ. ಮಿಷನ್ನಿನ ಸದ್ದಿಗೆ ಫೋನು ಕೇಳಿಸದೆಂದು ಅದನ್ನು ಗಲ್ಲಾದ ಮೇಲಿಡುತ್ತಾಳೆ; ಕರೆ ಬಂದರೆ ಯಜಮಾನನೇ ಎತ್ತಿ ಅವಳನ್ನು ಕೂಗುತ್ತಾನೆ.

ನಂಬರನ್ನು ಅಳಿಸಿಬಿಡಬಹುದಿತ್ತು. ಆದರೆ ಅಳಿಸಿದ್ದು ಇನ್ನೆಲ್ಲಿಂದಲೋ ಬಂದು ಮತ್ತೆ ಸೇರಿಕೊಳ್ಳುವುದನ್ನು ಅವಳು ಆರು ವರ್ಷದಿಂದ ಕಂಡಿದ್ದಳು. ಅದಕ್ಕೆಂದೇ ಫೋನ್ ಮಾಡಬಾರದವರ ಹಾಳೆ ಬೇರೆಯೇ ಇತ್ತು. ಚಿಕ್ಕಮ್ಮನನ್ನು ಅದರ ಮೊದಲ ಸಾಲಿಗೆ ಹಾಕಿದಳು. ಅಲ್ಲಿನವರಿಗೂ ತಿಳಿದಿರಲೆಂದು ವಾಡಿಕೆಯಂತೆ ಎರಡೂ ಹಾಳೆ ಕಳಿಸಿದಳು. ಪಾಪ, ಜಾಣತನವನ್ನೇ ಮಾಡಿದ್ದಳು.

ಆದರೂ ಚಡಪಡಿಕೆ ಬಿಡಲಿಲ್ಲ. ನೀರು ಕುಡಿದಳು, ಫೈಲು ಜೋಡಿಸಿದಳು, ಮತ್ತೆ ಕೆದರಿದಳು. ತಡೆಯಲಾರದೆ ಮಿತ್ರಪಕ್ಷದ ಕಚೇರಿಗೆ ಫೋನ್ ಹಚ್ಚಿದಳು.

"ಬಂತು ಮೇಡಂ, ಆಗ್ಲೇ ಶುರು ಮಾಡಿದೀವಿ," ಎಂದ ಅಲ್ಲಿನ ಗುಮಾಸ್ತ. "ದೊಡ್ಡ ಪಟ್ಟಿ ನಾಳೆಗೆ. ಮೊದ್ಲು ಆ ಚಿಕ್ಕದು ಮುಗಿಸ್ತಿದೀವಿ."

"ಅಯ್ಯೋ, ಅವ್ರಿಗೆ ಮಾಡಬಾರದು ರೀ! ಮೇಲೇ ಬರೆದಿದೆಯಲ್ಲ!"

"ಹೌದಾ? ಮೇಲೆ ಯಾರು ನೋಡಿದ್ರು ಮೇಡಂ! ಬೇರೆ ತೆಗೆದಿಟ್ಟಿದ್ರಲ್ಲ, ದೊಡ್ಡ ಕುಳಗಳು ಅಂದ್ಕೊಂಡ್ವಿ."

"ಮೊದಲ್ನೇ ನಂಬರು?"

"ಆಯ್ತಲ್ಲ. ಯಾರೋ ಗಂಡಸರು ಎತ್ತಿದ್ರು. ಹೋದ್ಸಲ ನಿಮ್ಮ ಪಕ್ಷಕ್ಕೆ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಕೂಡ ಹೇಳಿದ್ವಿ."

ಅವಳು ಫೋನ್ ಕುಕ್ಕಿದಳು. ಚಪ್ಪಲಿ ಮೆಟ್ಟಿಕೊಂಡು ಎದ್ದೆನೋ ಬಿದ್ದೆನೋ ಎಂದು ಓಡಿದಳು. ಅಂಗಡಿಯ ತಿರುವಿನಲ್ಲೇ ಚಿಕ್ಕಮ್ಮ ಎದುರಾದಳು. ಕೈಚೀಲದಿಂದ ಕತ್ತರಿಯ ಹಿಡಿ, ಅಳತೆ ಟೇಪು ಹೊರಗೆ ಇಣುಕುತ್ತಿದ್ದವು.

"ನಾನೇ ಹೋಗಿ ಹೇಳ್ತೀನಿ ಚಿಕ್ಕಮ್ಮ. ಏನೋ ತಪ್ಪಾಗಿದೆ, ಅದು ನೀವಲ್ಲ ಅಂತ..."

"ಬೇಡ ಬಿಡು. ಕೊಟ್ಯಾ ಅಂತ ಕೇಳಿದ. ಹೂಂ ಅಂದೆ. ಇಪ್ಪತ್ತು ವರ್ಷ ಅನ್ನ ಹಾಕಿದೋನಿಗೆ ಸುಳ್ಳು ಹೇಳಕ್ಕಾಗುತ್ತಾ?"

"ಯಾಕಾದ್ರೂ ಕೊಟ್ರಿ ನೀವು?" ಅವಳಿಗೆ ಅಳುವೇ ಬಂತು.

"ದೇಣಿಗೆ ಕೊಡೋ ಜನ ಸೇರಿಸದಿದ್ರೆ ಕೆಲಸದಿಂದ ತೆಗೀತಾರೆ ಅಂತ ಅವತ್ತು ಗೋಳಾಡ್ತಿದ್ದೆಯಲ್ಲ. ಅದಕ್ಕೆ ಕೊಟ್ಟೆ. ನನಗೆ ಯಾವ ಪಕ್ಷ ಗೊತ್ತು?" ಚಿಕ್ಕಮ್ಮ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. "ಅದಿರ್ಲಿ, ಇದರಿಂದ ನಿನ್ನ ಕೆಲಸಕ್ಕೇನೂ ತೊಂದರೆ ಇಲ್ಲ ತಾನೇ?"