ಕೌದಿಯ ಹೊಟ್ಟೆ

ರಾತ್ರಿ ಬಹಳ ಹೊತ್ತಾಗಿತ್ತು. ಕರ್... ಕರ್... ಅಂತ ಸಣ್ಣ ಸದ್ದು. ಯಾರೋ ಕಟಕ ರೊಟ್ಟಿ ಕದ್ದು, ಮನೆಯವರಿಗೆ ಗೊತ್ತಾಗದಂತೆ ನಿಧಾನಕ್ಕೆ ಅಗಿಯುತ್ತಿರುವಂಥ ಸದ್ದು.

ಕಸ್ತೂರಿ ಎದ್ದು ಕೂತಳು. ಅವಳು ಮಲಗಿದ್ದದ್ದು ಶಹಾಪುರದಾಚೆ ಕಲ್ಲುಗುಡ್ಡದ ಬಯಲಲ್ಲಿ ಎದ್ದಿದ್ದ ವಿಶ್ವವಿದ್ಯಾಲಯದ ಸುಸ್ಥಿರ ಅಧ್ಯಯನ ಕೇಂದ್ರದಲ್ಲಿ, ಪ್ರದರ್ಶನ ಕೋಣೆಯ ಪಕ್ಕದ ಬೆಂಚಿನ ಮೇಲೆ. ಸುತ್ತಿಟ್ಟ ಬ್ಯಾನರೇ ತಲೆದಿಂಬು. ಬೆಳಗಾದರೆ ದೊಡ್ಡ ಸಮ್ಮೇಳನ, ಸಾಮಾನು ಕಾಯಲು ಒಬ್ಬರು ಬೇಕಿತ್ತು. 'ಕ್ಷೇತ್ರ ಸಂಯೋಜಕಿ' ಅನ್ನುವ ಉದ್ದನೆಯ ಹುದ್ದೆ ಇದ್ದರೂ ಕಸ್ತೂರಿಯದು ಹೊರಗುತ್ತಿಗೆಯ ನೌಕರಿ. ಕಾಯುವ ಕೆಲಸ ಬಂದಾಗಲೆಲ್ಲ ಎಲ್ಲರ ಕಣ್ಣು ಅವಳ ಮೇಲೆಯೇ ಬೀಳುತ್ತಿತ್ತು.

ಮೊದಲು ಕಳ್ಳ ಅಂದುಕೊಂಡಳು. ಆಮೇಲೆ ಹಾವು ಅಂದುಕೊಂಡಳು. ಕಡೆಗೆ, ಏನೇ ಆಗಿದ್ದರೂ ನಾಳೆ ಬೈಸಿಕೊಳ್ಳುವವಳು ತಾನೇ ಅಂತ ಹೊಳೆಯಿತು. ಆಗ ನಿಜವಾಗಿಯೂ ಹೆದರಿಕೆಯಾಯಿತು.

ಒಂದು ಕೈಯಲ್ಲಿ ಮೊಬೈಲಿನ ಬೆಳಕು, ಇನ್ನೊಂದರಲ್ಲಿ ಕಸಬರಿಗೆ ಹಿಡಿದು ಪ್ರದರ್ಶನ ಕೋಣೆಗೆ ಹೋದಳು. ಗೋಡೆಯ ಮುಂದೆ ನಿಲ್ಲಿಸಿದ ದೊಡ್ಡ ಗಾಜಿನ ಪೆಟ್ಟಿಗೆ. ಅದರೊಳಗೆ ಹರವಿಟ್ಟ ಕೌದಿ. ಕೆಳಗಿನ ಮೂಲೆಯಲ್ಲಿ, ಗಾಜಿಗೂ ಬಟ್ಟೆಗೂ ನಡುವೆ, ಒಂದು ದಪ್ಪ ಇಲಿ. ಅದು ಕೌದಿಯ ಮೂಲೆ ಕಚ್ಚಿ, ಒಳಗಿಂದ ಏನನ್ನೋ ಎಳೆದು ತಿನ್ನುತ್ತಿತ್ತು. ಬೆಳಕು ಬಿದ್ದೊಡನೆ ತಿನ್ನುವುದು ನಿಲ್ಲಿಸಿ ಅವಳನ್ನೇ ನೋಡಿತು.

ಕಸ್ತೂರಿ ಕಸಬರಿಗೆ ಎತ್ತಿದಳು.

ಎತ್ತಿದ ಕಸಬರಿಗೆ ಒಂದು ಗಳಿಗೆ ಹಾಗೇ ಇರಲಿ. ಆ ಕೌದಿ ಅಲ್ಲಿಗೆ ಹೇಗೆ ಬಂತು ಅನ್ನುವುದನ್ನು ಹೇಳಬೇಕು.

ಕೌದಿ ಮುದನಾಳದ ಮಸ್ತಾನಬಿಯದು. ಅವಳ ಗಂಡ ಲಾಡ್ಲೇಸಾಬ ಯಾದಗಿರಿ-ಗುರುಮಠಕಲ್ ದಾರಿಯಲ್ಲಿ ಟೆಂಪೋ ಹೊಡೆಯುತ್ತಿದ್ದ. ಹೋದ ವರ್ಷ ಎದೆನೋವು ಬಂದು ತೀರಿಕೊಂಡ. ಅವನ ನೀಲಿ ಚೌಕಡಿ ಲುಂಗಿಗಳನ್ನು ನಡುವಿಗೆ ಇಟ್ಟು, ಸುತ್ತಲೂ ತನ್ನ ತಾಯಿಯ ಹಸಿರು ಸೀರೆ, ಮಗಳು ಸಮ್ರೀನಳ ಸಣ್ಣಂದಿನ ಫ್ರಾಕುಗಳ ಚೂರು ಜೋಡಿಸಿ ಮಸ್ತಾನಬಿ ಕೌದಿ ಹೊಲಿದಿದ್ದಳು. ಓಣಿಯ ದೇವಕ್ಕ, ಮೌನಮ್ಮ ಜೊತೆಗೆ ಕೂತು ಸೂಜಿ ಹಾಕಿದ್ದರು. ಸಮ್ರೀನಳಿಗೆ ಆಗ ದಿನ ತುಂಬಲು ಇನ್ನೂ ಬಹಳ ಸಮಯವಿತ್ತು. ಹುಟ್ಟುವ ಕೂಸನ್ನು ಮೊದಲು ಅಜ್ಜನ ಬಟ್ಟೆಯ ಮೇಲೆ ಮಲಗಿಸಬೇಕು ಅನ್ನುವುದು ಮಸ್ತಾನಬಿಯ ಆಸೆ. ಮುಖ ನೋಡದ ಅಜ್ಜನ ಮೈವಾಸನೆಯಾದರೂ ಅದಕ್ಕೆ ಸಿಗಲಿ ಅಂತ.

ಕೊನೆಯ ಮೂಲೆ ಮುಚ್ಚುವ ಮುಂಚೆ ಅವಳು ಕಟಕ ರೊಟ್ಟಿಯ ಚೂರು, ಒಂದು ಬೆಲ್ಲದ ತುಣುಕು ಒಳಗಿಟ್ಟು ಹೊಲಿದಳು. ಕೇಂದ್ರದ ಕೆಲಸಕ್ಕೆ ಊರಿಗೆ ಬಂದು ಅಲ್ಲೇ ಕೂತಿದ್ದ ಕಸ್ತೂರಿ ಯಾಕೆಂದು ಕೇಳಿದಳು.

"ಇದರ ಹೊಟ್ಟಿ ತುಂಬಿಸಬೇಕು ಬೇಟಿ. ತಾನೇ ಉಪವಾಸ ಇದ್ರ ಕೂಸಿಗೆ ಹ್ಯಾಂಗ ಬೆಚ್ಚಗ ಇಡ್ತದ?"

ಆ ದಿನಗಳಲ್ಲಿಯೇ ವಿಶ್ವವಿದ್ಯಾಲಯದ ಯೋಜನೆ ಮುದನಾಳಕ್ಕೆ ಬಂದದ್ದು. ಎಲ್ಲ ವಿಭಾಗಗಳೂ ತಮ್ಮ ಗಡಿ ದಾಟಿ, ಜನರೊಂದಿಗೆ ಕೂತು ಜ್ಞಾನ ಕಟ್ಟಬೇಕು ಅನ್ನುವುದು ಯೋಜನೆ. ಕೇಳಲು ಚಂದವೇ ಇತ್ತು. ಅದಕ್ಕೇ ಕಸ್ತೂರಿ ನಂಬಿ ಸೇರಿದ್ದಳು. ಹತ್ತಿ ಬಿಡಿಸಲು ಹೊರಟ ಹೆಂಗಸರನ್ನು ಕರೆದು ಶಾಲೆಯ ಅಂಗಳದಲ್ಲಿ ದುಂಡಗೆ ಕೂರಿಸಿದರು. ತಲೆಗೊಂದು ಹಸಿರು ಟೊಪ್ಪಿಗೆ ಕೊಟ್ಟರು. ನಿಮಗೇನು ಬೇಕು ಅಂತ ಕೇಳಿ, ತಾವೇ ಬಣ್ಣದ ಚೀಟಿಗಳಲ್ಲಿ ಬರೆದು ಹಾಳೆಗೆ ಅಂಟಿಸಿದರು. ಶಾಲೆಯ ಹತ್ತಿರ ಒಂದು ನೀರಿನ ನಳ ಬೇಕು ಅಂತ ಎಲ್ಲರೂ ಹೇಳಿದರು. ಆ ಹಾಳೆಯ ಫೋಟೋ ಬಹಳ ಕಡೆ ಹೋಯಿತು. ನಳ ಮಾತ್ರ ಎಲ್ಲಿಂದಲೂ ಬರಲಿಲ್ಲ. ಮೌನಮ್ಮನ ಟೊಪ್ಪಿಗೆಯಲ್ಲಿ ಕೋಳಿ ಕಾವಿಗೆ ಕೂತಿತು.

ಕೇಂದ್ರದ ನಿರ್ದೇಶಕರು ಪ್ರೊಫೆಸರ್ ಸಂಗಮನಾಥ. ಒಂದು ದಿನ ಮಸ್ತಾನಬಿಯ ಮನೆಯಲ್ಲಿ ಕೌದಿ ಕಂಡು ನಿಂತುಬಿಟ್ಟರು. ಇದು ಬರೀ ಕೌದಿಯಲ್ಲ, ವೃತ್ತಾಕಾರದ ಅರ್ಥವ್ಯವಸ್ಥೆ ಅಂದರು. ಮಸ್ತಾನಬಿ ಕೌದಿಯ ನಾಲ್ಕೂ ಮೂಲೆ ಒಮ್ಮೆ ನೋಡಿದಳು. ಫೋಟೋ ತೆಗೆದು, ಅಳತೆ ಮಾಡಿ, ವಾರದಲ್ಲಿ ಕಳಿಸುತ್ತೇವೆ ಅಂತ ಹೇಳಿ ಸಂಗಮನಾಥರು ಕೌದಿ ಕೇಳಿದರು. ಮಸ್ತಾನಬಿ ಅವರ ಮುಖ ನೋಡಲಿಲ್ಲ, ಕಸ್ತೂರಿಯ ಮುಖ ನೋಡಿದಳು.

"ನೀ ಹೇಳು ಬೇಟಿ. ಕೂಸು ಬರೂದರೊಳಗ ಬರ್ತದೇನು?"

ಒಂದೊಂದು ಮಾತನ್ನೂ ತೂಗಿ ಆಡುವ ಕಸ್ತೂರಿ ಅವತ್ತು ತೂಗಲಿಲ್ಲ. "ಬರ್ತದ ಖಾಲಾ. ನಾನೇ ತಂದು ಕೊಡ್ತೀನಿ" ಅಂದುಬಿಟ್ಟಳು.

ವಾರ ಹೋಗಿ ತಿಂಗಳುಗಳಾದವು. ಕೌದಿ ಗಾಜಿನೊಳಗೆ ಹೋಯಿತು. ಕೆಳಗೊಂದು ಹಿತ್ತಾಳೆಯ ಫಲಕ: 'ಸಮುದಾಯದ ಕೌದಿ. ಪರಿಕಲ್ಪನೆ: ಪ್ರೊ. ಸಂಗಮನಾಥ.' ಕಸ್ತೂರಿ ಕೇಳಿದಾಗಲೆಲ್ಲ ಅವರು ಸಮಾಧಾನದಿಂದಲೇ ಉತ್ತರ ಕೊಡುತ್ತಿದ್ದರು. ಈಗ ಅದು ಒಬ್ಬ ವ್ಯಕ್ತಿಯ ಸ್ವತ್ತಲ್ಲ, ಸಮುದಾಯದ್ದು. ಒಬ್ಬಳಿಗೆ ಕೊಟ್ಟರೆ ನಾಳೆ ಸಮುದಾಯಕ್ಕೆ ಏನಂತ ಉತ್ತರ ಕೊಡಲಿ ಅಂತ ಅವರೇ ಅವಳನ್ನು ಕೇಳುತ್ತಿದ್ದರು.

ಆ ಮಾತನ್ನು ಕಸ್ತೂರಿ ಮುದನಾಳಕ್ಕೆ ಹೋಗಿ ಹೇಳಿದಾಗ ಮಸ್ತಾನಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಈ ಸಮುದಾಯ ಅಂದ್ರ ಯಾರು ಬೇಟಿ? ಅವನ ಮನಿ ಎಲ್ಲದ? ನಾನೇ ಹೋಗಿ ಕೈಕಾಲು ಹಿಡಿದು ಕೇಳ್ತೀನಿ."

ಸಮ್ರೀನಳಿಗೆ ಈಗ ದಿನ ತುಂಬಿದ್ದವು. ಇವತ್ತೋ ನಾಳೆಯೋ ಅನ್ನುವಂತಿತ್ತು.

ಇಷ್ಟೆಲ್ಲ, ಎತ್ತಿದ ಕಸಬರಿಗೆಯ ಕೆಳಗೆ ನಿಂತಿದ್ದ ಅವಳ ತಲೆಯಲ್ಲಿ ಓಡಿತು. ಇಲಿ ಇನ್ನೂ ಅವಳನ್ನೇ ನೋಡುತ್ತಿತ್ತು. ಕಸ್ತೂರಿ ಕಸಬರಿಗೆ ಮೆಲ್ಲಗೆ ಕೆಳಗಿಳಿಸಿದಳು. ಆಮೇಲೆ ಇನ್ನೊಂದು ಸಣ್ಣ ಕೆಲಸ ಮಾಡಿ, ಹೋಗಿ ಮಲಗಿದಳು. ಬಹಳ ದಿನಗಳ ಮೇಲೆ ಗಾಢ ನಿದ್ದೆ ಬಂತು.

ಬೆಳಿಗ್ಗೆ ಜವಾನ ಪಂಪಣ್ಣ ಮೊದಲು ನೋಡಿದ. ಕೌದಿಯ ಮೂಲೆಯಲ್ಲಿ ಅಂಗೈಯಗಲ ತೂತು. ಪಕ್ಕದಲ್ಲಿ ಹೊಟ್ಟೆ ತುಂಬಿದ ಇಲಿ ನಿದ್ದೆ ಹೊಡೆಯುತ್ತಿತ್ತು.

ಪ್ರೊಫೆಸರುಗಳೆಲ್ಲ ಸೇರಿದರು. ಯಾವ ಸಮಸ್ಯೆಯೂ ಒಂದೇ ವಿಭಾಗದ್ದಲ್ಲ ಅನ್ನುವುದು ಕೇಂದ್ರದ ತತ್ವ. ಹಾಗಾಗಿ ಇಲಿ ಯಾರದ್ದೂ ಆಗಲಿಲ್ಲ. ಹೊಲದ ಇಲಿಯೋ ಮನೆ ಇಲಿಯೋ ತೀರ್ಮಾನವಾಗದೆ ಕೈಹಾಕುವುದು ಸರಿಯಲ್ಲ ಅಂತ ಪ್ರಾಣಿಶಾಸ್ತ್ರದವರು. ಔಷಧಿ ಇದೆ, ಆದರೆ ಗೇಟಿನಲ್ಲಿ 'ವಿಷಮುಕ್ತ ಆವರಣ' ಅಂತ ಫಲಕ ಹಾಕಿಸಿದವರು ನೀವೇ ಅಲ್ಲವೇ ಅಂತ ರಸಾಯನಶಾಸ್ತ್ರದವರು. ಒಂದು ರೀತಿಯಲ್ಲಿ ಇಲಿಯೂ ಈ ನೆಲದ ಪಾಲುದಾರ ಅಂತ ಸಮಾಜಶಾಸ್ತ್ರದವರು. ಕ್ಯಾಂಟೀನಿನ ಬೆಕ್ಕು ತರಲೇನು ಅಂತ ಪಂಪಣ್ಣ ಕೇಳಿದ. ಅವನು ಯಾವ ವಿಭಾಗಕ್ಕೂ ಸೇರಿದವನಲ್ಲವಾದ್ದರಿಂದ ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಕುಲಪತಿಗಳ ಕಾರು ಬಂತು. ಸಂಗಮನಾಥರು ಗಡಬಡಿಸಿ, ಕಸ್ತೂರಿ ತಲೆಗಿಟ್ಟುಕೊಂಡಿದ್ದ ಬ್ಯಾನರನ್ನೇ ಬಿಚ್ಚಿ ಗಾಜಿನ ಮೇಲೆ ಇಳಿಬಿಡಿಸಿದರು. 'ಸಮುದಾಯದೊಂದಿಗೆ, ಸಮುದಾಯಕ್ಕಾಗಿ.'

ಹಿಂದೆಯೇ ಮುದನಾಳದ ಟೆಂಪೋ ಬಂತು. ಹೆಂಗಸರೆಲ್ಲ ಹಸಿರು ಟೊಪ್ಪಿಗೆ ಹಾಕಿಕೊಂಡು ಇಳಿದರು. ಎದೆಗೆ 'ಸಮುದಾಯ ಸಹಭಾಗಿ' ಅಂತ ಬಿಲ್ಲೆ ಚುಚ್ಚಿ ಅವರನ್ನು ಪ್ರದರ್ಶನ ಕೋಣೆಯಲ್ಲೇ ಹಾಕಿದ್ದ ಕುರ್ಚಿಗಳ ಹಿಂದಿನ ಸಾಲಿನಲ್ಲಿ ಕೂರಿಸಲಾಯಿತು. ಮಸ್ತಾನಬಿ ಗೋಡೆ ನೋಡಿದಳು, ಬ್ಯಾನರು ನೋಡಿದಳು, ಕಸ್ತೂರಿಯನ್ನು ನೋಡಿದಳು. ಏನೂ ಕೇಳಲಿಲ್ಲ. ಕೇಳಿದ್ದರೆ ಕಸ್ತೂರಿಗೆ ಸುಲಭವಾಗುತ್ತಿತ್ತು.

ಭಾಷಣಗಳೆಲ್ಲ ಮುಗಿದವು. ಹೊರದೇಶದಿಂದ ಬಂದ ಅತಿಥಿ, ನೆರೆತ ಕೂದಲಿನ ಹೆಂಗಸು, ತಾನು ಬಂದದ್ದೇ ಆ ಕೌದಿ ನೋಡಲು ಅಂದಳು. ಕುಲಪತಿಗಳು ಸಂಗಮನಾಥರ ಕಡೆ ನೋಡಿದರು. ಬ್ಯಾನರು ಎತ್ತಲೇಬೇಕಾಯಿತು.

ಇಲಿಗೆ ಎಚ್ಚರವಾಯಿತು. ಗಾಜಿನ ಹಿಂದೆ ಅತ್ತಿಂದಿತ್ತ ಓಡಾಡಿ ಕೌದಿಯ ಮೇಲೇರಿ ಕೂತಿತು. ಪಂಪಣ್ಣ ಹಿಂಬದಿಯ ಪ್ಲೈವುಡ್ ಹಲಗೆ ಬಿಚ್ಚಿದ. ಇಲಿ ನೆಲಕ್ಕೆ ಹಾರಿ, ಕುಲಪತಿಗಳ ಬೂಟಿನ ಮೇಲಿಂದ ಹಾದು, ಮೊದಲ ಸಾಲಿನ ಕುರ್ಚಿಗಳ ಕೆಳಗೆ ನುಗ್ಗಿತು. ಎಲ್ಲ ವಿಭಾಗದ ಮುಖ್ಯಸ್ಥರೂ ಒಟ್ಟಿಗೆ ಕಾಲು ಮೇಲೆತ್ತಿದರು. ಕೇಂದ್ರ ಶುರುವಾದಂದಿನಿಂದ ಅವರು ಕೂಡಿ ಮಾಡಿದ ಮೊದಲ ಕೆಲಸ ಅದು.

ಗದ್ದಲ ಇಳಿಯುವಷ್ಟರಲ್ಲಿ ಕೌದಿ ಮಸ್ತಾನಬಿಯ ತೊಡೆಯ ಮೇಲಿತ್ತು. ಅವಳು ಪ್ರದರ್ಶನ ಕೋಣೆಯ ನಡುನೆಲದಲ್ಲಿ ಕೂತಿದ್ದಳು. ತೂತಿನಲ್ಲಿ ಬೆರಳು ಹಾಕಿ ನೋಡಿದಳು. ನೀಲಿ ಲುಂಗಿಯ ಮೇಲೆ ಕೈಯಾಡಿಸಿದಳು, ಅದಕ್ಕೇನೂ ಆಗಿರಲಿಲ್ಲ. ಮೌನಮ್ಮ ಸೆರಗಿನ ಅಂಚಿನಿಂದ ಸೂಜಿ ತೆಗೆದಳು. ತೇಪೆಗೆ ಬಟ್ಟೆ ಇರಲಿಲ್ಲ. ದೇವಕ್ಕ ತನ್ನ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಹಲ್ಲಿನಿಂದ ಹರಿದು ಕೊಟ್ಟಳು. ಕೇಂದ್ರದ ಲಾಂಛನ ಅದರ ಮೇಲೇ ಇತ್ತು. ಒಳಗಿಡಲು ತಿನ್ನುವಂಥದ್ದು ಏನಾದರೂ ಬೇಕು ಅಂತ ಮಸ್ತಾನಬಿ ಕೇಳಿದಾಗ ಪಂಪಣ್ಣ ಅತಿಥಿಗಳ ಊಟದಿಂದ ಒಂದು ಹೋಳಿಗೆ ತಂದು ಕೈಗಿಟ್ಟ. ಕೌದಿಯ ಹೊಟ್ಟೆ ಮತ್ತೆ ತುಂಬಿತು.

ಅತಿಥಿ ಬಂದು ಅವರ ಜೊತೆ ನೆಲಕ್ಕೇ ಕೂತಳು. ಸಂಗಮನಾಥರ ಮುಖಕ್ಕೆ ಕಳೆ ಬಂತು. ಎಲ್ಲವನ್ನೂ ಫೋಟೋ ತೆಗೆಯಿರಿ ಅಂತ ಸನ್ನೆ ಮಾಡಿದರು. ಹೊಲಿಗೆ ಮುಗಿಯಿತು. ಮಸ್ತಾನಬಿ ದಾರ ಕಚ್ಚಿ ಕತ್ತರಿಸಿ, ಕೌದಿ ಮಡಚಿದಳು. ಸಂಗಮನಾಥರು ಕೈ ಚಾಚಿದರು.

"ಬಹಳ ಚಂದ ಆಯಿತಮ್ಮ. ಇನ್ನು ಇಲ್ಲಿ ಕೊಡಿ."

"ಯಾಕ್ರಿ?"

"ಗಾಜಿನೊಳಗೆ ಇಡಬೇಕಲ್ಲ."

"ಗಾಜಿಗೆ ಥಂಡಿ ಆಗ್ತದೇನ್ರಿ?"

ಸಂಗಮನಾಥರು ದನಿ ತಗ್ಗಿಸಿದರು. ಎಷ್ಟು ಸಲ ಹೇಳಿಲ್ಲ, ಇದು ಸಮುದಾಯದ್ದು, ಸಮುದಾಯವನ್ನು ಕೇಳದೆ ಯಾರಿಗೂ ಕೊಡಲು ಬರುವುದಿಲ್ಲ ಅಂದರು.

ದೇವಕ್ಕ ಎದ್ದು ನಿಂತಳು. "ಹಂಗಾದ್ರ ಕೇಳ್ರಿ ಸರ. ಸಮುದಾಯ ಬಂದದ. ಟೆಂಪೋದಾಗ ಬಂದದ, ನೀವೇ ಕರಿಸೀರಿ."

ಮೌನಮ್ಮ ಎದ್ದಳು. ಆಮೇಲೆ ಹಿಂದಿನ ಸಾಲು ಪೂರ್ತಿ ಎದ್ದಿತು. "ನಮ್ಮ ಎದಿ ಮ್ಯಾಲ ಬರದು ಚುಚ್ಚೀರಲ್ರಿ" ಅಂತ ಮೌನಮ್ಮ ಬಿಲ್ಲೆ ಮುಂದೆ ಮಾಡಿದಳು. "ಓದ್ಕೋರಿ. ನಮಗ ಓದಾಕ ಬರಂಗಿಲ್ಲ, ನಿಮಗ ಬರ್ತದ."

ಏನು ಹೇಳುತ್ತಿದ್ದಾರೆ ಅಂತ ಅತಿಥಿ ಕಸ್ತೂರಿಯನ್ನು ಕೇಳಿದಳು. ಸಂಗಮನಾಥರೂ ಕಸ್ತೂರಿಯನ್ನು ನೋಡಿದರು. ಆ ನೋಟದಲ್ಲಿ ಅವಳ ಬರುವ ವರ್ಷದ ನೌಕರಿ ಇತ್ತು. ಮಸ್ತಾನಬಿ ಮಾತ್ರ ಅವಳನ್ನು ನೋಡಲಿಲ್ಲ. ಕೌದಿಯನ್ನು ಎದೆಗೊತ್ತಿಕೊಂಡು ಬಾಗಿಲು ನೋಡುತ್ತಿದ್ದಳು.

ಕಸ್ತೂರಿ ಮಾತು ತೂಗಿದಳು. ಆಮೇಲೆ ಇಂಗ್ಲಿಷಿನಲ್ಲಿ, ಏನೂ ಸೇರಿಸದೆ ಏನೂ ಬಿಡದೆ ಹೇಳಿದಳು. ಈ ಕೌದಿ ಇವರದು. ತೀರಿಹೋದ ಗಂಡನ ಬಟ್ಟೆಯದು. ವಾರದಲ್ಲಿ ಕೊಡುತ್ತೇವೆ ಅಂತ ತಂದೆವು, ಕೊಡಲಿಲ್ಲ. ಮೊಮ್ಮಗು ಹುಟ್ಟುವುದಿದೆ. ಇವತ್ತು ಒಯ್ಯುತ್ತಾರೆ. ಇವರೆಲ್ಲರ ಒಪ್ಪಿಗೆ ಇದೆ.

ಅತಿಥಿ ಎದ್ದು ಮೊಣಕಾಲು ಕೊಡವಿಕೊಂಡು ಚಪ್ಪಾಳೆ ತಟ್ಟತೊಡಗಿದಳು. ಜನರಿಂದ ತಂದದ್ದು ಜನರಿಗೆ ಮರಳಬೇಕು ಅಂತ ಪುಸ್ತಕಗಳಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಇದೇ ಮೊದಲು ಅಂದಳು. ಅತಿಥಿ ತಟ್ಟಿದ್ದಕ್ಕೆ ಕುಲಪತಿಗಳು ತಟ್ಟಿದರು. ಕುಲಪತಿಗಳು ತಟ್ಟಿದ್ದಕ್ಕೆ ಎಲ್ಲರೂ ತಟ್ಟಿದರು. ಕೊನೆಗೆ ಸಂಗಮನಾಥರೂ ತಟ್ಟಿದರು. ತಟ್ಟುತ್ತಾ ತಟ್ಟುತ್ತಾ ಅವರ ಮುಖದಲ್ಲಿ ನಗು ಮೂಡಿತು. ಅತಿಥಿಗೆಂದು ತರಿಸಿದ್ದ ಶಾಲು ತಂದು ಮಸ್ತಾನಬಿಗೆ ಹೊದಿಸಿದರು. ಮಸ್ತಾನಬಿ ಶಾಲನ್ನೂ ಬಿಡಲಿಲ್ಲ.

ಟೆಂಪೋದಲ್ಲಿ ದಾರಿಯುದ್ದಕ್ಕೂ ನಗು. ಟೊಪ್ಪಿಗೆಯ ತೇಪೆ ಚಂದ ಕೂತಿದೆ ಅಂತ ದೇವಕ್ಕ ಅಂದಳು.

"ಕೂಸಿನ ಕುಂಡಿ ಸರಿಯಾಗಿ ಅದರ ಮ್ಯಾಲೇ ಬರಂಗ ಮಲಗಸ್ತೀನಿ" ಅಂದಳು ಮಸ್ತಾನಬಿ.

ಮೂರನೆಯ ದಿನ ಪತ್ರಿಕೆಯಲ್ಲಿ ಸಂಗಮನಾಥರ ಫೋಟೋ ಬಂತು. 'ಸಮುದಾಯಕ್ಕೆ ಕೌದಿ ಮರಳಿಸಿದ ಪ್ರಾಧ್ಯಾಪಕ.' ಇದು ಅವರದೇ ಹೊಸ ಪರಿಕಲ್ಪನೆ ಅಂತಲೂ, ಬೇರೆ ವಿಶ್ವವಿದ್ಯಾಲಯಗಳು ಮಾದರಿಯಾಗಿ ತೆಗೆದುಕೊಳ್ಳಬೇಕು ಅಂತಲೂ ಬರೆದಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಈಗ ಕೌದಿಯ ಫೋಟೋ ಇದೆ, ಕೆಳಗೆ ಅದೇ ಹಿತ್ತಾಳೆಯ ಫಲಕ. ಇಲಿ ಹೇಗೆ ಒಳಬಂತು ಅಂತ ತನಿಖೆಗೆ ಸಮಿತಿ ಆಗಿದೆ. ಅಧ್ಯಕ್ಷತೆ ಯಾವ ವಿಭಾಗದ್ದು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಶಾಲೆಯ ಹತ್ತಿರ ನಳ ಬಂದಿಲ್ಲ.

ಸಮ್ರೀನಳಿಗೆ ಹೆಣ್ಣುಮಗು. ಕಸ್ತೂರಿ ನೋಡಲು ಹೋದಾಗ ಅದು ನೀಲಿ ಚೌಕಡಿಯ ಮೇಲೆ ಮುಷ್ಟಿ ಬಿಗಿದು ಮಲಗಿತ್ತು. ಮೂಲೆ ಮಡಚಿ ಕುಂಡಿಯ ಕೆಳಗೆ ತಂದಿದ್ದ ಲಾಂಛನ ಒದ್ದೆಯಾಗಿತ್ತು. ಮಸ್ತಾನಬಿ ಚಹಾ ತಂದಳು. ತಟ್ಟೆಯಲ್ಲಿ ಭಜಿ, ಭಜಿಯ ಕೆಳಗೆ ಎಣ್ಣೆ ಹೀರಿದ ಪತ್ರಿಕೆಯಲ್ಲಿ ಸಂಗಮನಾಥರ ನಗುಮುಖ.

"ಆ ಇಲಿಗೆ ಅಲ್ಲಾನೇ ಕಳಿಸಿದ್ದ ಬೇಟಿ" ಅಂದಳು ಮಸ್ತಾನಬಿ. "ಇಲ್ಲಾಂದ್ರ ನೋಡು, ಇವಳ ಅಜ್ಜನ ಲುಂಗಿಗೆ ಹಲ್ಲು ಹಚ್ಚಿಲ್ಲ. ಮೂಲಿ ಬಿಟ್ಟು ಅಲ್ಲಾಡಿಲ್ಲ. ಅದಕ್ಕ ಹ್ಯಾಂಗ ಗೊತ್ತಾತು?"

ಕಸ್ತೂರಿಗೆ ಗೊತ್ತಿತ್ತು. ಆ ರಾತ್ರಿ ಕಸಬರಿಗೆ ಕೆಳಗಿಟ್ಟ ಮೇಲೆ ಅವಳು ತನ್ನ ಡಬ್ಬಿಯಲ್ಲಿ ಉಳಿದಿದ್ದ ಶೇಂಗಾ ಹೋಳಿಗೆ ತಂದು, ಹಿಂಬದಿಯ ಹಲಗೆ ಸರಿಸಿ, ಆ ಮೂಲೆಯಲ್ಲೇ ಇಟ್ಟಿದ್ದಳು. ಇಲ್ಲೇ ತಿನ್ನು, ನಡುವಿನ ನೀಲಿ ಮುಟ್ಟಬೇಡ ಅಂತ ಇಲಿಗೆ ಪಿಸುಗುಟ್ಟಿದ್ದಳು. ಹೇಳಿಬಿಡಲು ಹೊರಟಳು. ಅವಳ ಕಣ್ಣು ಭಜಿಯ ಕೆಳಗಿನ ನಗುಮುಖದ ಮೇಲೆ ಬಿತ್ತು. ತಾವು ಮಾಡದ ಕೆಲಸಕ್ಕೆ ಹೆಸರು ಹಾಕಿಕೊಂಡ ಒಬ್ಬರು ಈ ಕತೆಯಲ್ಲಿ ಆಗಲೇ ಇದ್ದರು.

ಇಲಿಯ ಹೆಸರು ಇಲಿಗೇ ಇರಲಿ ಅಂದುಕೊಂಡಳು. ಸಮಿತಿಗೂ ಬೇಡ, ಪಂಪಣ್ಣನಿಗೂ ಬೇಡ, ಖಾಲಾಗೂ ಬೇಡ. ಇದನ್ನು ಯಾರಿಗೂ ಹೇಳುವುದಿಲ್ಲ ಅಂತ ಕಸ್ತೂರಿ ಗಟ್ಟಿ ಮಾಡಿಕೊಂಡಳು.

"ಯಾರಿಗ್ಗೊತ್ತು ಖಾಲಾ" ಅಂದು ಚಹಾದ ಕಪ್ಪು ಬಾಯಿಗಿಟ್ಟಳು.